ಕೈಗಳ ಡಬ್ಬ

ಪುಟ್ಟಿ,

ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, "ಅತ್ತೆ, ಅಷ್ಟೊಂದು ಗೊಂಬೆ ಕೊಡೋಕೆ ನಿಮಗೆ ಮನಸ್ಸಾದ್ರೂ ಹ್ಯಾಗೆ ಬಂತು?" ಅಂತ. ಆಗ ಕುಕ್ಕರ್ ಕೂಗುತ್ತಿತ್ತು, ಏನೋ ಹೇಳಿ ಮುಗಿಸಿಬಿಟ್ಟೆ. ಅದು ಕುಕ್ಕರ್ ಆರಿಸುವಷ್ಟರಲ್ಲಿ ಮುಗಿಯುವ ಮಾತಲ್ಲ. ನಿನ್ನ ರೂಮಿನ ಮಂಚದ ಕೆಳಗೆ ಪೇರಿಸಿಟ್ಟ ಕೊರಿಯರ್ ಡಬ್ಬಗಳನ್ನೂ ಬಾಗಿಲ ಹಿಂದಿನ ಮೂರು ಚೀಲಗಳನ್ನೂ ಕಣ್ಣಾರೆ ನೋಡಿ ಬಂದವಳು ನಾನು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

2016ರ ದಸರೆಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಲಿಲ್ಲ. ಸೂತಕವೇನೂ ಇರಲಿಲ್ಲ. ಮೆಟ್ಟಿಲು ಜೋಡಿಸಲು ನೆಲವೇ ಇರಲಿಲ್ಲ. ಹಜಾರದ ತುಂಬ ರಟ್ಟಿನ ಪೆಟ್ಟಿಗೆ, ಟ್ರಂಕು, ಹಳೇ ಸೀರೆಯಲ್ಲಿ ಸುತ್ತಿದ ಗಂಟು. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಆಮೇಲೆ ಎಣಿಸಿದಾಗ ತಿಳಿಯಿತು, ಒಟ್ಟು 726 ಗೊಂಬೆ. ಅಷ್ಟಿದ್ದೂ ಒಂದನ್ನೂ ಕೂರಿಸಲಾಗಲಿಲ್ಲ. ಬೀದಿಯ ಮಕ್ಕಳು ಗೊಂಬೆ ಬಾಗಿನಕ್ಕೆ ಬಂದು, ಒಳಗೆ ಇಣುಕಿ, ಹೊಸ್ತಿಲಲ್ಲೇ ಚಕ್ಕುಲಿ ಇಸಿದುಕೊಂಡು ಹೋದವು. ಅದರಲ್ಲೊಂದು ಹುಡುಗಿ "ಅಜ್ಜಿ, ಮನೆ ಖಾಲಿ ಮಾಡ್ತಿದ್ದೀರಾ?" ಅಂತ ಕೇಳಿತು.

ಶುರುವಾದದ್ದು ಎಲ್ಲರ ಮನೆಯ ಹಾಗೇ. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ, ಮರದ ರಾಜ-ರಾಣಿ. ವರ್ಷಕ್ಕೊಂದಾದರೂ ಹೊಸದು ಸೇರಬೇಕು ಅನ್ನುವ ವಾಡಿಕೆ. ಚನ್ನಪಟ್ಟಣದ ಅರಗಿನ ಬಣ್ಣದವು, ಕಿನ್ನಾಳದವು, ಕೊಂಡಪಲ್ಲಿಯವು, ಮಣ್ಣಿನ ದಶಾವತಾರ. ನಿಮ್ಮ ಮಾವ ಹೋದಮೇಲೆ ವರ್ಷಕ್ಕೊಂದು ಅನ್ನುವುದು ವಾರಕ್ಕೊಂದಾಯಿತು. ಮಕ್ಕಳ ಹತ್ತಿರ ಅಮೆರಿಕಕ್ಕೆ ಹೊರಟವರು, ಫ್ಲ್ಯಾಟಿಗೆ ಹೋಗುವವರು, "ನಿಮ್ಮಲ್ಲಿದ್ದರೆ ಚೆನ್ನಾಗಿರುತ್ತೆ" ಅಂತ ಪೆಟ್ಟಿಗೆಗಟ್ಟಲೆ ತಂದಿಟ್ಟು ಹೋಗುತ್ತಿದ್ದರು. ಬೇಡ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಬೇರೆಯವರ ಅಜ್ಜಿಯ ನೆನಪೂ ನನ್ನ ತಲೆಗೇ ಬಂತು ನೋಡು.

ಇನ್ನೊಂದು ಡಬ್ಬ ಇತ್ತು, ಬಿಸ್ಕತ್ತಿನ ತಗಡಿನ ಡಬ್ಬ. ನೀನು ಚಿಕ್ಕವಳಿದ್ದಾಗ ತೆಗೆದು ಕಿರುಚಿದ್ದೆ, ನೆನಪಿದೆಯಾ? ಅದರ ತುಂಬ ಕೈಗಳು. ಮುರಿದ ಕೈ, ಕೃಷ್ಣನ ಕೊಳಲಿನ ತುದಿ, ಗಿಳಿಯ ಕೊಕ್ಕು, ಯಾವುದೋ ಗರತಿಯ ಮೂಗು. ಒಂದು ದಿನ ಅಂಟಿಸುತ್ತೇನೆ ಅಂತ ಇಟ್ಟದ್ದು. ಯಾವ ಕೈ ಯಾರದು ಅನ್ನುವುದು ಮರೆತು ಹತ್ತು ವರ್ಷವಾದರೂ ಡಬ್ಬ ಮಾತ್ರ ತಲೆದಿಂಬಿನ ಪಕ್ಕದಲ್ಲೇ.

2017ರಲ್ಲಿ ಮಂಡಿ ಆಪರೇಶನ್ನಿಗೆ ನಾನು ಆಸ್ಪತ್ರೆಯಲ್ಲಿದ್ದಾಗ ನಿನ್ನಪ್ಪ ಗುಜರಿಯವನನ್ನು ಕರೆಸಿ ಹಿಂದಿನ ಕೋಣೆ ಖಾಲಿ ಮಾಡಿಸಿದ. ಅಕ್ಕನಿಗೆ ವಾಕರ್ ಹಿಡಿದು ಓಡಾಡಲು ಜಾಗವಾಗಲಿ ಅಂತ, ಪ್ರೀತಿಯಿಂದಲೇ. ಮನೆಗೆ ಬಂದ ಮೂರನೇ ದಿನ ಆಟೋ ಮಾಡಿಕೊಂಡು ಗುಜರಿ ಅಂಗಡಿಗೆ ಹೋದೆ. ಸಿಕ್ಕಿದ್ದಕ್ಕೆಲ್ಲ ಕೇಳಿದಷ್ಟು ಕೊಟ್ಟು ವಾಪಸ್ ತಂದೆ. ಮೂರು ತಿಂಗಳಲ್ಲಿ ಆ ಕೋಣೆ ಮೊದಲಿಗಿಂತ ಹೆಚ್ಚು ತುಂಬಿತು, ಮೇಲೆ ಬೀಗವೂ ಬಿತ್ತು. ತಮ್ಮನ ಮೇಲೆ ಈಗ ಸಿಟ್ಟಿಲ್ಲ. ಆದರೆ ನಿನ್ನ ಚೀಲಗಳನ್ನು ನೀನಿಲ್ಲದಾಗ ಯಾರಾದರೂ ಎತ್ತಿಸಿದರೆ ನಾನೇ ಜಗಳಕ್ಕೆ ಬರುತ್ತೇನೆ. ಇನ್ನೊಬ್ಬರು ಖಾಲಿ ಮಾಡಿದ ಮನೆ ಖಾಲಿಯಾಗಿ ಉಳಿಯುವುದಿಲ್ಲ ಕಣೇ.

ಕೊನೆಗೆ ಮನೋವೈದ್ಯರ ಹತ್ತಿರ ಹೋದೆ. ಹೀಗೆ ಕೂಡಿಹಾಕುವುದು ಕೊಳಕುತನವೂ ಅಲ್ಲ, ಜಿಪುಣತನವೂ ಅಲ್ಲ, ಕಾಯಿಲೆ ಅಂದರು. ಮೊದಲು ಇದನ್ನು ಗೀಳು ಕಾಯಿಲೆಯ ಬಾಲವಾಗಿ ನೋಡುತ್ತಿದ್ದರಂತೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಬೇರೆಯೇ ಕಾಯಿಲೆ ಅಂತ ಹೆಸರಿಸಿತು. ಎಷ್ಟು ಸಾಮಾನಿದೆ ಅನ್ನುವುದು ಲೆಕ್ಕವಲ್ಲ. ಒಲೆಯ ಮೇಲೆ ಅಡುಗೆ, ಮಂಚದ ಮೇಲೆ ನಿದ್ದೆ ಸಾಧ್ಯವೇ ಅನ್ನುವುದು ಲೆಕ್ಕ. ನಮ್ಮೂರಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ದಸರೆಗೆ 'ಬೊಂಬೆ ಮನೆ' ಮಾಡುತ್ತಾರಲ್ಲ, ಅಲ್ಲಿರುವ ಗೊಂಬೆಗಳ ಮುಂದೆ ನನ್ನವು ಯಾವ ಲೆಕ್ಕ? ಆದರೆ ಅಲ್ಲಿ ಒಂದೊಂದಕ್ಕೂ ಜಾಗವಿದೆ, ನೋಡಲು ಜನ ಬರುತ್ತಾರೆ. ನನ್ನವು ಕತ್ತಲಲ್ಲಿ ಗೆದ್ದಲಿನ ಜತೆ ಇದ್ದವು. ಡಾಕ್ಟರು ಇನ್ನೂ ಎರಡು ಮಾತು ಹೇಳಿದರು. ಇದು ಎಷ್ಟೋ ಜನರಲ್ಲಿ ಹದಿಹರೆಯದಲ್ಲೇ ಮೊಳೆತು ವಯಸ್ಸಾದಂತೆ ಬಲಿಯುತ್ತದೆ. ಮನೆತನದಲ್ಲಿ ಹರಿದು ಬರುವುದೂ ಉಂಟು. ನೀನು ನನ್ನ ತಮ್ಮನ ಮಗಳು. ಅದಕ್ಕೇ ಈ ಕಾಗದ.

ಮಾತ್ರೆಗಿಂತ ಹೆಚ್ಚಾಗಿ ಹೋಂವರ್ಕ್ ಕೊಟ್ಟರು. ಮೊದಲು ನೆನಪಿಲ್ಲದ ವಸ್ತು: ಪ್ಲಾಸ್ಟಿಕ್ ಕವರು, ಹಳೇ ಪೇಪರು, ಮುಚ್ಚಳವಿಲ್ಲದ ಡಬ್ಬ. ನೆನಪಿರುವ ವಸ್ತು ಕಟ್ಟಕಡೆಗೆ. ಎಲ್ಲರೂ ಇಲ್ಲೇ ಎಡವುವುದು. ಮೊದಲ ದಿನವೇ ಅಮ್ಮನ ಪೆಟ್ಟಿಗೆ ತೆರೆದು, ಕಾಗದ ಓದುತ್ತ, ಅಳುತ್ತ ಸಂಜೆ ಮಾಡಿ ಎಲ್ಲವನ್ನೂ ಹಾಗೇ ಒಳಗಿಡುತ್ತಾರೆ. ನೀನು ಡಬ್ಬಗಳಿಂದ ಶುರುಮಾಡು. ಹಾಸ್ಟೆಲಿನ ಗೆಳತಿಯರೆಲ್ಲ ಸಹಿ ಹಾಕಿದ ಆ ಯೂನಿಫಾರ್ಮಿನ ಅಂಗಿ ಇನ್ನೂ ಒಂದು ವರ್ಷ ಇರಲಿ.

ಜಪಾನಿನ ಮಾರಿ ಕೊಂಡೋ ಅನ್ನುವಾಕೆ, ವಸ್ತುವನ್ನು ಕೈಗೆತ್ತಿಕೊಂಡು ಖುಷಿ ಕೊಡುತ್ತದೆಯೇ ಕೇಳಿಕೋ, ಕೊಡದಿದ್ದರೆ ಕಳಿಸು ಅನ್ನುತ್ತಾಳಂತೆ. ಪಾಪ, ಅವಳು ನನ್ನಂಥವರನ್ನು ನೋಡಿಲ್ಲವೇನೋ. 726ರಲ್ಲಿ ಒಂದೊಂದೂ ಖುಷಿ ಕೊಡುತ್ತಿತ್ತು. ಅದೇ ತಾನೆ ರೋಗ!

ಮೊದಲು ಕೊಟ್ಟದ್ದು ಪ್ಲಾಸ್ಟರಿನ ಒಂದು ಬುದ್ಧ. ಕೊಡುವ ಮುಂಚೆ, ಕೊಟ್ಟ ಮೇಲೆ ಎಷ್ಟು ಸಂಕಟ ಅಂತ ನೂರಕ್ಕೆ ಅಂಕ ಹಾಕಿ ಬರೆಯಬೇಕಿತ್ತು. ಆ ರಾತ್ರಿ 90. ಎರಡು ಸಲ ಎದ್ದು, ತಗೊಂಡವರಿಗೆ ಫೋನ್ ಮಾಡಲು ನಂಬರ್ ಒತ್ತಿ ಕಟ್ ಮಾಡಿದೆ. ಮರುದಿನ 70. ನಾಲ್ಕನೇ ದಿನ 35. ಎಂಟನೇ ದಿನದ ಸಾಲು ಖಾಲಿ ಇದೆ, ಬರೆಯುವುದೇ ಮರೆತಿದ್ದೆ. ಆ ಖಾಲಿ ಸಾಲು ತೋರಿಸಿದಾಗ ಡಾಕ್ಟರು ನಕ್ಕರು. ಸಂಕಟ ಇಳಿಯುತ್ತದೆ ಅಂತ ಯಾರು ಹೇಳಿದರೂ ನಾನು ನಂಬುತ್ತಿರಲಿಲ್ಲ. ನನ್ನ ಕೈಬರಹವೇ ಹೇಳಿದಾಗ ನಂಬಲೇಬೇಕಾಯಿತು. ನವರಾತ್ರಿಯ ಮುಂಚಿನ ವಾರ ಗೊಂಬೆ ಅಂಗಡಿಗೆ ಹೋಗಿ ಬರಿಗೈಲಿ ಬರುವ ಪಾಠವೂ ಇತ್ತು. ಅದರ ಕಥೆ ಬೇಡ, ಮೂರು ಸಲ ಫೇಲಾದೆ.

ಫೋಟೊ ತೆಗೆದಿಟ್ಟುಕೊಂಡು ವಸ್ತು ಕೊಡುವುದು ಸುಲಭ ಅನ್ನುತ್ತಾರೆ. ನಿಜ. ಅಮೆರಿಕದ ವಿದ್ಯಾರ್ಥಿಗಳಲ್ಲೂ ಹಾಗೇ ಕಂಡಿತು ಅಂತ 2017ರಲ್ಲಿ ಒಂದು ಅಧ್ಯಯನ ಬಂದಿದೆ. ಆದರೆ ಒಂದಕ್ಕೆ ಒಂದೇ ಫೋಟೊ. ನಾನು ಒಂದೊಂದಕ್ಕೂ ಹಿಂದೆ ಮುಂದೆ ಅಂತ ಹತ್ತು ತೆಗೆದು, ಮನೆಯ ರಾಶಿಯನ್ನು ಫೋನಿಗೆ ಸಾಗಿಸಿದ್ದೆ ಅಷ್ಟೆ.

ಕಷ್ಟವಾದದ್ದು ಭಿನ್ನವಾದ ದೇವರುಗಳದ್ದು. ಕೈ ಹೋದ ಲಕ್ಷ್ಮಿಯನ್ನು ಕಸದ ಗಾಡಿಗೆ ಹೇಗೆ ಹಾಕುವುದು? ಅಶ್ವತ್ಥಕಟ್ಟೆಯಲ್ಲಿ ಇಟ್ಟು ಬಾ ಅಂದರು. ಚೀಲ ಹಿಡಿದು ಹೋದೆ. ಅಲ್ಲಿ ಆಗಲೇ ಮೂವತ್ತು ನಲವತ್ತು ದೇವರು, ಒಡೆದ ಗಾಜಿನ ಕಟ್ಟು, ನಡುವೆ ನಾಯಿ ಮಲಗಿತ್ತು. ಊರಿನವರೆಲ್ಲ ನನ್ನ ಹಾಗೇ ತೀರ್ಮಾನ ಮಾಡಲಾಗದೆ ಮರದ ಕೆಳಗೆ ಇಟ್ಟು ಓಡಿಹೋಗಿದ್ದಾರೆ ಅನ್ನಿಸಿತು. ಇಡಲಾಗದೆ ವಾಪಸ್ ತಂದೆ. ನೀರಿಗೆ ಬಿಡೋಣವೆಂದರೆ ಸುಟ್ಟ ಮಣ್ಣಾಗಲೀ ಪ್ಲಾಸ್ಟರಾಗಲೀ ಕರಗುವುದಿಲ್ಲ, ಕೆರೆ ಹಾಳು. ಕೊನೆಗೆ ಒಂದು ಶುಕ್ರವಾರ ಅರಿಶಿನ-ಕುಂಕುಮವಿಟ್ಟು, ಕೈಮುಗಿದು, ಮಣ್ಣಿನವನ್ನೆಲ್ಲ ಗೋಣಿಯಲ್ಲಿ ಸುತ್ತಿ ಕುಟ್ಟಿದೆ. ಹೂಕುಂಡದ ತಳಕ್ಕೆ ನೀರು ಬಸಿಯಲಿ ಅಂತ ಬೋಕಿ ಚೂರು ಹಾಕುವುದಿಲ್ಲವೇ, ಹಾಗೆ ಹಾಕಿದೆ. ಆ ಕೈಗಳ ಡಬ್ಬವೂ ಅಲ್ಲಿಗೇ ಹೋಯಿತು. ಗೇಟಿನ ಪಕ್ಕದ ದಾಸವಾಳ ನಿಂತಿರುವುದು ಆ ಕೈಗಳ ಮೇಲೆ.

ಈಗ ನನ್ನಲ್ಲಿ 118 ಇವೆ. ಒಂಬತ್ತು ಮೆಟ್ಟಿಲು, ಎರಡು ಟ್ರಂಕು, ಅದರಲ್ಲಿ ಹಿಡಿಸಿದಷ್ಟೇ. ಮೂರು ದಸರೆ ಟ್ರಂಕಿನಿಂದ ಹೊರಬಾರದ್ದು ಇನ್ನೊಬ್ಬರ ಮನೆಗೆ. ಪಟ್ಟದ ಗೊಂಬೆ ಮಾತ್ರ ಯಾರಿಗೂ ಇಲ್ಲ, ನನ್ನ ನಂತರ ನಿನಗೆ; ಬೇಡವೆಂದರೆ ಈಗಲೇ ಹೇಳು, ಬೇಜಾರಿಲ್ಲ. ಮೊಣಕಾಲುದ್ದ ರಾಶಿಯಾಗಿ ಮಂಚ ಮುಳುಗುವವರೆಗೆ ಕಾಯಬೇಡ. ನನಗೆ ಹೇಳಲು ನಾಚಿಕೆಯಾದರೆ ಸರ್ಕಾರದ ಟೆಲಿ-ಮಾನಸ್ ಇದೆ, 14416ಕ್ಕೆ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ವಿಷಯ ಹೇಳದೆ ಇದ್ದರೆ ಸುಳ್ಳಾಗುತ್ತದೆ. ಶೆಟ್ಟಿ-ಶೆಟ್ಟಿತಿ ಜೋಡಿಯನ್ನು ನಮ್ಮ ಬೀದಿಯ ಅಂಗನವಾಡಿಗೆ ಕೊಟ್ಟಿದ್ದೆ. ಕೊಟ್ಟಮೇಲೆ ನೋಡಲು ಹೋಗಬಾರದು ಅನ್ನುವುದು ನಾನೇ ಮಾಡಿಕೊಂಡ ನಿಯಮ. ಮೊನ್ನೆ ಸೋಮವಾರ ತರಕಾರಿಗೆ ಹೊರಟವಳು ಅಲ್ಲಿಗೇ ಹೋದೆ. ಶೆಟ್ಟಿಯ ಮುಂದೆ ಮಕ್ಕಳು ಹುಣಸೆಬೀಜ ಗುಡ್ಡೆ ಹಾಕಿಕೊಂಡು ವ್ಯಾಪಾರ ನಡೆಸಿದ್ದವು. "ಒಂದು ಕೇಜಿ ಕೊಡಿ" ಅಂದೆ. ಕೊಡುವ ಗಡಿಬಿಡಿಯಲ್ಲಿ ಒಬ್ಬ ಹುಡುಗ ಶೆಟ್ಟಿಯನ್ನು ಉರುಳಿಸಿದ. ಪೇಟದ ತುದಿ ಚಕ್ಕೆಯೆದ್ದು ನನ್ನ ಕಾಲ ಬುಡಕ್ಕೆ ಬಂದು ಬಿತ್ತು. ಮಕ್ಕಳು ಅದನ್ನು ನೋಡಲೂ ಇಲ್ಲ, ಶೆಟ್ಟಿಯನ್ನು ಎತ್ತಿ ಕೂರಿಸಿ ಮತ್ತೆ ತೂಕ ಮಾಡತೊಡಗಿದವು. ನಾನು ಬಗ್ಗಿ ಆ ಚೂರನ್ನು ಎತ್ತಿಕೊಂಡೆ.

ಇನ್ನೂ ಪರ್ಸಿನಲ್ಲೇ ಇದೆ. ಭಾನುವಾರ ಬಾ, ದಾಸವಾಳದ ಕುಂಡ ಬದಲಿಸುವುದಿದೆ.

ನಿನ್ನ ಅತ್ತೆ