ಸರ್ಟಿಫಿಕೇಟ್ ಬೇಡ, ಶಾಪ್ ಫ್ಲೋರ್ ಹುಡುಕು

ನೋಡಪ್ಪ, ದುಡ್ಡು ಕಟ್ಟಿ, ಮನೆಯಲ್ಲೇ ಕೂತು ನಾಲ್ಕು ವಿಡಿಯೊ ನೋಡಿ ಮುಗಿಸುವ ಇಂಟರ್ನ್‌ಶಿಪ್‌ಗಳು ಬೇಕಾದಷ್ಟಿವೆ. ಅವುಗಳ ತಂಟೆಗೆ ಹೋಗಬೇಡ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಹತ್ತು ಹದಿನೈದು ಜನ ದುಡಿಯುವ ಮಷಿನ್ ಶಾಪ್ ಸಿಕ್ಕರೂ ಸಾಕು, ಸೇರಿಕೋ. ದೊಡ್ಡ ಕಂಪನಿಯ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಮೂಲೆಯಲ್ಲಿ ನಿಲ್ಲುವುದಕ್ಕಿಂತ ಅದು ಮೇಲು.

ಬಿಸಿಗೆ ಲೋಹ ಹಿಗ್ಗುತ್ತೆ ಅಂತ ಹೈಸ್ಕೂಲಿನಲ್ಲೇ ಓದಿದ್ದೀಯ. ಆದರೂ ಲೇತ್‌ನಿಂದ ಈಗತಾನೇ ಇಳಿಸಿದ 100 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್ ಕೈಗೆ ಕೊಟ್ಟರೆ ತಕ್ಷಣ ಮೈಕ್ರೋಮೀಟರ್ ಹಾಕ್ತೀಯ. ಅಳತೆ ಸರಿಯಾಗೇ ತೋರಿಸುತ್ತೆ. ಆರಿದ ಮೇಲೆ ಇನ್‌ಸ್ಪೆಕ್ಷನ್‌ನಲ್ಲಿ ಅದೇ ಶಾಫ್ಟ್ ರಿಜೆಕ್ಟ್! 20 ಡಿಗ್ರಿ ಬಿಸಿ ಹೆಚ್ಚಿದ್ದರೆ ಅಷ್ಟು ದಪ್ಪದ ಉಕ್ಕು ಸುಮಾರು 23 ಮೈಕ್ರಾನ್ ಹಿಗ್ಗಿರುತ್ತೆ. ಡ್ರಾಯಿಂಗ್‌ನಲ್ಲಿ ಎಚ್6 ಅಂತಿದ್ದರೆ ಬಿಟ್ಟಿರುವ ಟಾಲರೆನ್ಸೇ 22 ಮೈಕ್ರಾನ್. ದಪ್ಪ ಉಳಿದಿದ್ದರೆ ಇನ್ನೊಂದು ಕಟ್ ತೆಗೆಯಬಹುದು, ತೆಳ್ಳಗಾಗಿದ್ದಕ್ಕೆ ಲೋಹ ಎಲ್ಲಿಂದ ತರ್ತೀಯ? ಹಳೇ ಆಪರೇಟರ್ ಆ ಜಾಬನ್ನು ಪಕ್ಕಕ್ಕಿಟ್ಟು, ಬೇರೆ ಕೆಲಸ ನೋಡಿ, ಆಮೇಲೆ ಅಳೀತಾನೆ. ಯಾಕೆ ಕಾದಿರಿ ಅಂತ ಕೇಳು. ‘ಅಣ್ಣಾ’ ಅಂತ ಕರೆದೇ ಕೇಳು, ನಿನ್ನ ಬಿ.ಇ. ಅಲ್ಲಿ ಯಾರಿಗೂ ದೊಡ್ಡದಲ್ಲ. ಟೀ ಹೊತ್ತಿನಲ್ಲಾದರೆ ಇನ್ನೂ ಬಿಡಿಸಿ ಹೇಳ್ತಾರೆ.

ರಿಪೋರ್ಟ್‌ನಲ್ಲಿ ಕಂಪನಿಯ ಇತಿಹಾಸ ಬರೆದು ಪುಟ ತುಂಬಿಸಬೇಡ. ಯಾವ ಜಾಬ್ ಕೆಟ್ಟಿತು, ಯಾಕೆ ಕೆಟ್ಟಿತು, ಯಾರು ಹೇಗೆ ಸರಿಮಾಡಿದರು ಅಂತ ದಿನಾ ಸಂಜೆ ಎರಡು ಸಾಲು ಬರೆದಿಡು. ಸಂದರ್ಶನದಲ್ಲಿ ಬಾಯಿ ಬರುವುದು ಅದರಿಂದಲೇ.

ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಆಗು ಅಂದರೆ ಮೂಗು ಮುರೀಬೇಡ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿ ತಂದು ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಸೇರಿಸಿದ್ದು ನಿನ್ನಂಥವರಿಗಾಗಿಯೇ. ಸ್ಟೈಪೆಂಡ್ ಸಂಬಳದಷ್ಟಿರಲ್ಲ, ನಿಜ. ಆದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಟೂಲ್ ಆಂಡ್ ಡೈ ಕಲಿಯುವ ಹುಡುಗರು 3 ವರ್ಷದ ಓದಿನ ಮೇಲೆ 1 ವರ್ಷ ಕಾರ್ಖಾನೆಯಲ್ಲಿ ಕಳೀತಾರೆ. ಮಾಲೀಕರು ಅವರನ್ನು ಕೇಳಿ ಕರೆಸಿಕೊಳ್ಳೋದು ಆ ಒಂದು ವರ್ಷಕ್ಕಾಗಿ ಅಂತಲೇ ನನ್ನ ಲೆಕ್ಕ.

ಇನ್ನೊಂದು ಮಾತು. ಮೊದಲ ದಿನ ಸೇಫ್ಟಿ ಶೂ ಹಾಕ್ಕೊಂಡು ಹೋಗು. ತಿರುಗುವ ಮಷಿನ್ ಹತ್ತಿರ ಗ್ಲೌಸ್ ಬೇಡ, ತೋಳು ಸಡಿಲ ಬಿಡಬೇಡ. ಕೈಯಲ್ಲಿರುವ ಕಡ, ದಾರ, ಉಂಗುರ ಎಲ್ಲ ಮನೆಯಲ್ಲೇ ಬಿಚ್ಚಿಡು.