ಬರಿಗಾಲಿನ ಅಹಮದ್ ಖಾನ್


ಹಲಸೂರು, ಶಿವಾಜಿನಗರದ ಕಡೆ ಮೊದಲು ಬ್ರಿಟಿಷರ ದಂಡು ಇತ್ತು. ಸಿಪಾಯಿಗಳು ಫುಟ್‌ಬಾಲ್ ಆಡುತ್ತಿದ್ದರು. ಅವರ ಕಾಲಿಗೆ ಬೂಟು. ನಮ್ಮ ಹುಡುಗರದು ಬರಿಗಾಲು. ಆದರೂ ಹೆದರಲಿಲ್ಲ. ಆಳುವವರ ಬೂಟಿನ ಎದುರು ಬರಿಗಾಲಲ್ಲೇ ಆಡಿದರು.

ಅಹಮದ್ ಖಾನ್ ಬೆಂಗಳೂರಿನವರು. ಹುಟ್ಟಿದ್ದು 1926ರಲ್ಲಿ. ಅವರ ಕಾಲಿಗೆ ಸಿಕ್ಕಿದ ಚೆಂಡು ಬಿಡಿಸಿಕೊಳ್ಳೋದು ಕಷ್ಟ. ಜನ ಅವರನ್ನು ‘ಹಾವಾಡಿಗ’ ಅಂತ ಕರೆದರು.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಅಹಮದ್ ಖಾನ್ ಕೂಡ. ಫ್ರಾನ್ಸ್ ಗೆದ್ದಿತು. ಆದರೆ ಒಂದೇ ಗೋಲಿನಿಂದ.

1952ರಲ್ಲಿ ಫಿನ್‌ಲೆಂಡ್ ದೇಶದಲ್ಲಿ ಒಲಿಂಪಿಕ್ಸ್. ಅಲ್ಲಿ ಚಳಿಯೋ ಚಳಿ. ಯುಗೊಸ್ಲಾವಿಯ ತಂಡ 10 ಗೋಲು ಹೊಡೆಯಿತು. ನಮ್ಮದು ಒಂದೇ. ಅದನ್ನು ಹೊಡೆದವರು ಅಹಮದ್ ಖಾನ್!

ಆಮೇಲೆ ನಮ್ಮ ದೇಶದಲ್ಲೂ ಬೂಟು ಕಡ್ಡಾಯವಾಯಿತು. ಆಟಗಾರರು ಬೂಟು ಹಾಕಿ ಆಡೋದನ್ನು ಕಲಿತರು. 1956ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ನಾಲ್ಕನೇ ಸ್ಥಾನ ಬಂತು.

ಅಹಮದ್ ಖಾನ್ 2017ರಲ್ಲಿ ತೀರಿಕೊಂಡರು.

ಬರಿಗಾಲು ಅವಮಾನವಲ್ಲ. ಹೊಸದನ್ನು ಕಲಿಯೋದೂ ಅವಮಾನವಲ್ಲ. ನೀವೂ ದೊಡ್ಡವರಾದ ಮೇಲೆ ಅಕ್ಷರ ಕಲಿತಿರಲ್ಲ!

ಉತ್ತರ ಬರೆಯಿರಿ
1. ಜನ ಅಹಮದ್ ಖಾನ್ ಅವರನ್ನು ಏನಂತ ಕರೆದರು?
2. 1952ರ ನಂತರ ಆಟದಲ್ಲಿ ಏನು ಬದಲಾಯಿತು?
3. ನಿಮ್ಮ ಮಗಳು ಫುಟ್‌ಬಾಲ್ ಆಡುತ್ತೇನೆ ಅಂದರೆ ಏನು ಹೇಳುತ್ತೀರಿ?