ಬೆಂಟೇನ್ ಮತ್ತು ನನ್ನ ಕಿವಿ

ಕುವೈತಿನ ಸಾಲ್ಮಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವರು ಸುಮ್ಮನೆ ಕೂತಿದ್ದಾರಲ್ಲ ಎಂದು ಅಳಿಯನ ಸ್ನೇಹಿತರೊಬ್ಬರು ಅಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಎರಡು ಉಪನ್ಯಾಸ ಗೊತ್ತುಮಾಡಿದರು. ಭಾನುವಾರ ಸಾವಯವ ರಸಾಯನ, ಮಂಗಳವಾರ ಜೀವರಸಾಯನ. ಕುವೈತಿನಲ್ಲಿ ಕೆಲಸದ ವಾರ ಶುರುವಾಗುವುದೇ ಭಾನುವಾರ.

ಎಂಬತ್ತು ಸ್ಲೈಡು ಹೊತ್ತುಕೊಂಡು ಹೋದೆ. ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಈಜಿಪ್ಟಿನ ಲ್ಯಾಬ್ ತಂತ್ರಜ್ಞರೊಬ್ಬರು ಕೈಯೆತ್ತಿ, "ಬೇಸಿಗೆಯಲ್ಲಿ ಬೆಂಟೇನ್ ಬಾಟಲಿ ಎಲ್ಲಿಡುವುದು ಕ್ಷೇಮ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಕೇಳಿಸಿದ್ದು ಬೆಂಜೀನ್. ಕೆಕುಲೆ 1865ರಲ್ಲಿ ಹೇಳಿದ ಉಂಗುರದಿಂದ ಹಿಡಿದು ರಕ್ತದ ಕ್ಯಾನ್ಸರಿನ ಅಪಾಯದವರೆಗೆ ಐದು ನಿಮಿಷ ಬಿಡದೆ ಹೇಳಿದೆ. ಅವರು ಮರ್ಯಾದೆಯಿಂದ ಪೂರ್ತಿ ಕೇಳಿ, ಎದ್ದು ಬಂದು, ಮಾರ್ಕರ್ ತೆಗೆದುಕೊಂಡು ಬೋರ್ಡಿನ ಮೂಲೆಯಲ್ಲಿ ನಾಲ್ಕು ಗೆರೆ ಅಂಕುಡೊಂಕಾಗಿ ಎಳೆದರು. ಐದು ಕಾರ್ಬನ್. ಪೆಂಟೇನ್!

ಅರಬಿಯಲ್ಲಿ 'ಪ' ಇಲ್ಲ ಅನ್ನುವುದು ಓದಿ ಗೊತ್ತಿತ್ತು. ಮಂಡ್ಯದ ಹುಡುಗರ 'ಆಲು', 'ಆವು' ಎಲ್ಲ ಅರ್ಥಮಾಡಿಕೊಂಡ ಕಿವಿ ಇಲ್ಲಿ ಕೈಕೊಟ್ಟಿತು. ಪ್ರಶ್ನೆಯೋ ಬಹಳ ಗಟ್ಟಿಯಾದದ್ದು. ಪೆಂಟೇನ್ ಕುದಿಯುವುದು 36 ಡಿಗ್ರಿಗೆ; ಹೊರಗೆ ಆ ಸೆಪ್ಟೆಂಬರಿನಲ್ಲೂ 43 ಇತ್ತು. ಮೈಸೂರಿನಲ್ಲಿ ಅದನ್ನು ದ್ರವ ಎಂದು ಬರೆಸಿ ಮುಂದೆ ಹೋಗುತ್ತಿದ್ದೆ. ಕುವೈತಿನಲ್ಲಿ ಉಗ್ರಾಣದ ಏಸಿ ಕೆಟ್ಟರೆ ಬಾಟಲಿಯೊಳಗೇ ಕುದಿಯಲು ಶುರು. ಒಳಗೆ ಕಿಡಿ ಹಾರದಂತೆ ಮಾಡಿದ ಫ್ರಿಜ್ಜೇ ಆಗಬೇಕು, ಮನೆಯಲ್ಲಿ ಇಡ್ಲಿ ಹಿಟ್ಟು ಇಡುವಂಥದ್ದಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ಜನ ಒಬ್ಬೊಬ್ಬರಾಗಿ ಹೊರಟರು. ಬೇಸರವಾಗಿರಬೇಕು ಅಂದುಕೊಂಡು ಸ್ಲೈಡುಗಳನ್ನು ಓಡಿಸಿದೆ. ಆಮೇಲೆ ಗಡಿಯಾರ ನೋಡಿದರೆ ಮಧ್ಯಾಹ್ನದ ನಮಾಜಿನ ಹೊತ್ತು. ಆ ತಿಂಗಳು ಅದು ಹನ್ನೆರಡಕ್ಕೂ ಮುಂಚೆಯೇ. ಮೊದಲೇ ಯಾರನ್ನಾದರೂ ಕೇಳಬಹುದಿತ್ತು.

ಮಂಗಳವಾರ ಒಂದು ಮಾರ್ಕರ್ ಮಾತ್ರ ಒಯ್ದು, ಹತ್ತಕ್ಕೇ, ಅಲ್ಲಿನದೇ ಕಥೆಯಿಂದ ಶುರುಮಾಡಿದೆ. 1991ರಲ್ಲಿ ಹಿಮ್ಮೆಟ್ಟುತ್ತಿದ್ದ ಇರಾಕಿ ಸೈನ್ಯ ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿಯಿಟ್ಟು ಹೋದಾಗ ಮರಳಿನ ಮೇಲೆ ಕಚ್ಚಾತೈಲದ ಕೆರೆಗಳೇ ನಿಂತವು. ಕುವೈತ್ ವಿಶ್ವವಿದ್ಯಾಲಯದ ಸಮೀರ್ ರದ್ವಾನ್ ಮತ್ತು ಸಂಗಡಿಗರು ಎಣ್ಣೆ ಕುಡಿದ ಆ ಮರಳಿನಲ್ಲಿ ಬೆಳೆದ ಕಾಡುಗಿಡಗಳನ್ನು ಕಿತ್ತು ನೋಡಿದರೆ ಬೇರು ಬೆಳ್ಳಗೆ, ಶುಭ್ರ. 1995ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು: ಬೇರಿನ ಸುತ್ತ ನೆಲೆಸಿದ ಬ್ಯಾಕ್ಟೀರಿಯಾ ಎಣ್ಣೆಯನ್ನು ತಿನ್ನುತ್ತಿವೆ. ಹೇಗೆ ಎಂದು ಬೋರ್ಡಿನ ಮೇಲೆ ಬರೆಯುತ್ತ ಹೋದೆ. ಎಣ್ಣೆಯ ಕಾರ್ಬನ್ ಸರಪಳಿಯ ತುದಿಗೆ ಒಂದು ಆಕ್ಸಿಜನ್ ಸಿಕ್ಕಿಸಿದರೆ ಆಲ್ಕೋಹಾಲ್, ಇನ್ನೂ ಮುಂದೆ ಹೋದರೆ ಕೊಬ್ಬಿನ ಆಮ್ಲ, ಅಲ್ಲಿಂದ ಎರಡೆರಡು ಕಾರ್ಬನ್ ಕತ್ತರಿಸುತ್ತ ಹೋಗುವುದು. ನಾವು ತಿಂದ ತುಪ್ಪ ನಮ್ಮ ಜೀವಕೋಶಗಳಲ್ಲಿ ಉರಿಯುವುದೂ ಇದೇ ದಾರಿಯಲ್ಲಿ. ಭಾನುವಾರದ ಪಾಠವೂ ಮಂಗಳವಾರದ ಪಾಠವೂ ಒಂದೇ ಗೆರೆಯಲ್ಲಿ ಮುಗಿದುಹೋದವು.

ಹಿಂದಿನ ಸಾಲಿನಿಂದ ಅದೇ ಕೈ ಮೇಲೆದ್ದಿತು. "ಹಾಗಾದರೆ ಬೆಂಟೇನನ್ನೂ ತಿನ್ನುತ್ತವೆಯೇ?"

"ಅವು ಬಾಯಿ ಹಾಕುವಷ್ಟರಲ್ಲಿ ಈ ಊರಿನ ಬಿಸಿಲಿಗೆ ಅದು ಹೆಚ್ಚುಕಡಿಮೆ ಹಾರಿಹೋಗಿರುತ್ತದೆ," ಅಂದೆ.